ಕೊಪ್ಪಳ ಸೀಮೆಯ ದಫ್ತರಗಳೂ ಅವುಗಳ ಓದುಗರೂ

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಕಿರುಶಾಸನವೊಂದುಂಟು. ಸಮೀಪದ ಪಾಲ್ಕಿಗುಂಡಿನಲ್ಲಿ ಅದರದೇ ಇನ್ನೊಂದು ಪ್ರತಿಯುಂಟು. ಕ್ರಿ. ಪೂ. ಮೂರನೆಯ ಶತಮಾನದ ಈ ಬರಹಗಳು ವಿದ್ವಾಂಸರ ಗಮನಕ್ಕೆ ಬಂದುದು 1931ರಲ್ಲಿ. ಟರ್ನರ್ ಅವರು ಸಿದ್ಧಪಡಿಸಿದ ಪಾಠವು ಮರುವರ್ಷವೇ ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಬೆಳಕು ಕಂಡಿತು. ಸಾರ್ವಜನಿಕ ದಾಖಲೆಗೆ ಈ ಸೀಮೆಯಲ್ಲಿ ಇದಕ್ಕಿಂತ ಹಳೆಯ ನಿದರ್ಶನ ಸಿಕ್ಕಲಾರದು. ಅರಸನ ಮಾತನ್ನು ಪ್ರಜೆಗಳಿಗಾಗಿ, ಅಳಿಯದ ವಸ್ತುವಿನ ಮೇಲೆ, ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಬರೆಯಿಸಲಾಗಿದೆ. ಪಾಲ್ಕಿಗುಂಡಿನ ಪ್ರತಿ ಬಹಳವಾಗಿ ಸವೆದುಹೋಗಿದ್ದರೂ ಗವಿಮಠದ ಪ್ರತಿ ಬಹುಮಟ್ಟಿಗೆ ಪೂರ್ಣವಾಗಿ ಉಳಿದಿರುವುದನ್ನು ನೋಡಿದರೆ, ಹಲವು ಪ್ರತಿಗಳನ್ನು ಮಾಡಿಸಿದ ಆ ದೂರದೃಷ್ಟಿ ವ್ಯರ್ಥವಾಗಲಿಲ್ಲವೆನ್ನಬೇಕು. ಆದರೂ ಬ್ರಾಹ್ಮಿಯನ್ನು ಬಲ್ಲವರು ಇಲ್ಲವಾದ ಮೇಲೆ ಅವು ಶತಮಾನಗಳ ಕಾಲ ಬರಿಯ ಗೀರುಗಳಾಗಿಯೇ ಇದ್ದುವು. 1837ರಲ್ಲಿ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸದೆ ಇದ್ದಿದ್ದರೆ 1931ರಲ್ಲಿ ಕಂಡುದೂ ಗೀರುಗಳೇ ಆಗಿರುತ್ತಿದ್ದುವು. ಕಲ್ಲಿಗೆ ಯಾವ ಕೇಡೂ ಆಗಲಿಲ್ಲ, ಇಲ್ಲವಾದವನು ಓದುಗ.

ದಾಖಲೆಗಳ ರಕ್ಷಣೆಯೆಂದೊಡನೆ ನಮಗೆ ನೆನಪಾಗುವುದು ಗೆದ್ದಲು, ಮಳೆ, ಬೆಂಕಿ. ಈಚೆಗೆ ಕೆಟ್ಟುಹೋಗುವ ಡಿಸ್ಕುಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಚರಿತ್ರೆಯಾದರೋ ಬೇರೊಂದು ಅಪಾಯವನ್ನು ತೋರಿಸುತ್ತದೆ. ಇಲ್ಲಿ ದಾಖಲೆಯ ವಸ್ತು ನಾಶವಾಗುವುದಕ್ಕೆ ಮುಂಚೆಯೇ ಅದನ್ನು ಓದಬಲ್ಲವರು ಮತ್ತೆ ಮತ್ತೆ ಇಲ್ಲವಾಗಿದ್ದಾರೆ. ಕಂಪ್ಯೂಟರಿನ ಕಾಲದಲ್ಲಿಯೂ ಈ ಕಥೆ ಮುಗಿದಿಲ್ಲ.

ರಾಯಚೂರು ದೋಅಬ್ 1853ರ ಒಪ್ಪಂದದಂತೆ ಬ್ರಿಟಿಷರ ಆಡಳಿತಕ್ಕೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿತು. ಮುಂದೆ ಗಂಗಾವತಿ ಮತ್ತು ಕುಷ್ಟಗಿಗಳು ನೇರವಾಗಿ ಸರ್ಕಾರದ ಆಡಳಿತಕ್ಕೆ ಒಳಪಟ್ಟ ದಿವಾನಿ ತಾಲ್ಲೂಕುಗಳಾಗಿಯೂ, ಕೊಪ್ಪಳ ಮತ್ತು ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿಯೂ ನಡೆದುಬಂದುವು. ಹೀಗೆ ನೆರೆಹೊರೆಯ ತಾಲ್ಲೂಕುಗಳ ಕಂದಾಯದ ಕಾಗದಗಳು ಎರಡು ಬೇರೆ ಬೇರೆ ಯಜಮಾನಿಕೆಗಳ ಕಚೇರಿಗಳನ್ನು ಸೇರಿದುವು. ಹೈದರಾಬಾದಿನ ಸರ್ಕಾರಿ ಭಾಷೆ ಮೊದಲು ಪಾರಸಿ, 1884ರ ಸುಮಾರಿನಿಂದ ಉರ್ದು. ಊರ ಮಟ್ಟದಲ್ಲಿ ಲೆಕ್ಕ ಬರೆಯುವವನು ಕುಲಕರ್ಣಿ. ಅವನ ಬರಹ ಕನ್ನಡ, ಕೆಲವೆಡೆ ಮರಾಠಿಯ ಮೋಡಿ. ಮೇಲಿನ ಕಚೇರಿಯ ಉರ್ದು ಕಾಗದಗಳಲ್ಲಿ ಮೊಬಲಗನ್ನು ಸಿಯಾಖ್ ಎಂಬ ಪದ್ಧತಿಯಲ್ಲಿ ಬರೆಯುವುದುಂಟು. ಅರಬ್ಬಿಯ ಸಂಖ್ಯಾವಾಚಕ ಪದಗಳನ್ನೇ ಮೊಟಕುಗೊಳಿಸಿ ಮಾಡಿಕೊಂಡ ಸಂಕೇತಗಳಿವು. ಉರ್ದುವನ್ನು ಸರಾಗವಾಗಿ ಓದುವವರೂ ಇವನ್ನು ಕಂಡು ತಡವರಿಸುತ್ತಾರೆ. ಭಾಷೆಯನ್ನು ಬಲ್ಲವನಿಗೆ ಅಂಕಿ ತಿಳಿಯದು. ಅಂಕಿಯನ್ನು ಬಲ್ಲ ಗುಮಾಸ್ತರ ಪರಂಪರೆಯೋ ನಿಂತುಹೋಯಿತು.

ಕಾಲಗಣನೆಯ ತೊಡಕೂ ಇದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನ ಆಜೂರ್ ಮಾಸದಿಂದ ಮೊದಲಾಗುತ್ತಿದ್ದುದರಿಂದ, ಅದಕ್ಕೆ ಡಿಸೆಂಬರಿನವರೆಗೆ 590ನ್ನೂ ಆಮೇಲೆ 591ನ್ನೂ ಕೂಡಿಸಿದರೆ ಇಸವಿ ದೊರೆಯುತ್ತದೆ. ಜಹಗೀರುಗಳ ರದ್ದಿಯಾತಿಯ ಶಾಸನ 1358 ಫಸಲಿಯದು. ಅದು ಜಾರಿಗೆ ಬಂದುದು 1949ರ ಆಗಸ್ಟ್ 15ರಂದು. ಈ ಒಂದು ವರ್ಷದ ಅಂತರವನ್ನು ಅರಿಯದೆ ಸೂಚಿಯನ್ನು ಬರೆದರೆ ದಾವೆಯ ಕಾಗದ ಬೇರೊಂದು ವರ್ಷದ ಕಟ್ಟಿನಲ್ಲಿ ಹುದುಗಿಹೋಗುತ್ತದೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಕೊನೆಗೊಂಡಿತು. ಮೂರನೆಯ ಸಾಲಾರ್ ಜಂಗ್ 1949ರ ಮಾರ್ಚಿಯಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಅವನು ಕೂಡಿಹಾಕಿದ್ದ ಕಲಾವಸ್ತುಗಳಿಗೆ 1951ರಲ್ಲಿ ಹೈದರಾಬಾದಿನಲ್ಲಿ ವಸ್ತುಸಂಗ್ರಹಾಲಯ ಏರ್ಪಟ್ಟಿತು. ಆ ಸಂಪತ್ತಿಗೆ ಪಾಲು ತೆತ್ತ ಕೊಪ್ಪಳ, ಯಲಬುರ್ಗಾಗಳ ರೈತರ ಲೆಕ್ಕದ ಪುಸ್ತಕಗಳಿಗೆ ಅಂಥದೊಂದು ಭವನ ಒದಗಲಿಲ್ಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳನ್ನು ಬಿಟ್ಟುಕೊಟ್ಟು ಮೈಸೂರು ರಾಜ್ಯವನ್ನು ಸೇರಿತು. ನೆಲ ಇತ್ತ ಬಂದಿತು; ಹಿಂದಿನ ಸರ್ಕಾರದ ಕೇಂದ್ರ ಕಚೇರಿಗಳ ದಾಖಲೆಗಳು ಹೈದರಾಬಾದಿನಲ್ಲಿಯೇ ಉಳಿದು, 2014ರಿಂದ ತೆಲಂಗಾಣದ ಪಾಲಾಗಿವೆ. ಬಳಿಕ, 1963ರಲ್ಲಿ ವಂಶಪಾರಂಪರ್ಯದ ಗೌಡಿಕೆ, ಕುಲಕರ್ಣಿಕೆಗಳು ರದ್ದಾದುವು. ಸಾಮಾಜಿಕವಾಗಿ ಇದು ಅತ್ಯಾವಶ್ಯಕವಾದ ಸುಧಾರಣೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಫ್ತರದ ದೃಷ್ಟಿಯಿಂದ ನೋಡಿದರೆ, ಕಾಗದಗಳನ್ನು ಕಚೇರಿಗೆ ತರಿಸಿಕೊಳ್ಳಬಹುದಾಗಿತ್ತೇ ಹೊರತು, ಅವುಗಳನ್ನು ಓದುತ್ತಿದ್ದ ಕಣ್ಣುಗಳನ್ನು ತರಿಸಿಕೊಳ್ಳುವ ಉಪಾಯವಿರಲಿಲ್ಲ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದಾಗ ಮೂಲಕಾಗದಗಳನ್ನು ಅರಸುವವನು ಓಡಾಡಬೇಕಾದ ಊರುಗಳ ಪಟ್ಟಿಗೆ ಇನ್ನೊಂದು ಸೇರಿತು.

ಇಲ್ಲಿ ಒಂದು ಶಬ್ದದ ವಿಚಾರವನ್ನು ಹೇಳಬಹುದು. ಇಂದು ಕಚೇರಿಯ ಫೈಲಿಗೆ ‘ಕಡತ’ವೆನ್ನುತ್ತೇವೆ. ಮೊದಲು ಕಡತವೆಂದರೆ ಹುಣಿಸೆಬೀಜದ ಸರಿ ಮತ್ತು ಇದ್ದಲಿನ ಪುಡಿಯನ್ನು ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು; ತಪ್ಪಾದರೆ ಒರೆಸಿ ತಿದ್ದುತ್ತಿದ್ದರು. ಒರೆಸಬಹುದಾದ ಈ ಪುಸ್ತಕವನ್ನು ಜನ ನಂಬಿದುದಾದರೂ ಹೇಗೆ? ಬರೆದವನಾರು, ಅದು ಯಾರ ವಶದಲ್ಲಿದೆ ಎಂಬುದು ಊರಿಗೆಲ್ಲ ತಿಳಿದಿದ್ದುದರಿಂದ ಎಂದು ನಮಗೆ ತೋರುತ್ತದೆ. ಕಂಪ್ಯೂಟರಿನ ಕಡತವೂ ಗುರುತುಳಿಯದಂತೆ ತಿದ್ದಬಹುದಾದದ್ದೇ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆ ಮುಂದೆಯೂ ಬಳಸಲು ಬರುವಂತಿರಬೇಕು, ಅದು ಹುಟ್ಟಿದ ಮೂಲವೂ ದಿನಾಂಕ, ವೇಳೆಗಳೂ ಅದರೊಡನೆ ಉಳಿದಿರಬೇಕು ಎಂದು ವಿಧಿಸಿರುವುದು ಈ ಕಾರಣದಿಂದಲೇ.

ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ರೈತನು ಶ್ಯಾನುಭೋಗಿಕೆಯ ಕೃಪೆಯನ್ನು ಕಾಯದೆ ಪಹಣಿ ಪಡೆಯುವಂತಾದುದು ಸಣ್ಣ ಮಾತಲ್ಲ. ಆದರೆ ಆಗ ಒಳಗೆ ಹೋದುದು ಅಂದು ಚಾಲ್ತಿಯಲ್ಲಿದ್ದ ಪಹಣಿ. ಅದರ ಬೆನ್ನಿಗಿರುವ ಹಿಂದಿನ ಹಕ್ಕುಬದಲಾವಣೆಗಳ ಸರಣಿಯಲ್ಲ. ವಿವಾದ ಹುಟ್ಟಿದಾಗ ನ್ಯಾಯಾಲಯ ಆ ಸರಣಿಯನ್ನೇ ಕೇಳುತ್ತದೆ. ಯಲಬುರ್ಗಾದ ಒಂದು ಹೊಲದ ಸರಣಿಯನ್ನು ಹಿಡಿದು ಹಿಂದಕ್ಕೆ ಹೋದರೆ, ಕನ್ನಡದ ಕೈಬರಹವನ್ನು ದಾಟಿ ಜಹಗೀರಿನ ಉರ್ದುವಿಗೆ ತಲುಪುವುದು ಅನಿವಾರ್ಯ. ತುಂಗಭದ್ರೆಗೆ ಮುನಿರಾಬಾದಿನಲ್ಲಿ ಅಣೆಕಟ್ಟಾದಾಗ ನೆಲ ಬಿಟ್ಟುಕೊಟ್ಟವರ ವಾರಸುದಾರರಿಗೂ ಇದೇ ದಾರಿ. 371 ಜೆ ವಿಧಿಯ ಸೌಲಭ್ಯಗಳು 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದವರೆಂದು ತೋರಿಸಲು ಜನ್ಮ ಅಥವಾ ವಾಸದ ಪುರಾವೆ ಬೇಕಾಯಿತು. ಹಳೆಯ ಕಾಗದ ವಿದ್ಯಾರ್ಥಿಗಳ ಮನೆಯ ಅಗತ್ಯವೂ ಆಯಿತು.

ಇನ್ನು ಕಂಪ್ಯೂಟರಿನಲ್ಲಿ ಹುಟ್ಟಿದ ಬರಹದ ಅವಸ್ಥೆ. ಕನ್ನಡಕ್ಕೆ 1991ರಲ್ಲಿಯೇ ಯೂನಿಕೋಡಿನಲ್ಲಿ ಸ್ಥಾನ ದೊರೆತಿದ್ದರೂ, ಕಚೇರಿಗಳಲ್ಲಿ ಬಹುಕಾಲ ನಡೆದುದು ನುಡಿ ಮೊದಲಾದ ಫಾಂಟುಗಳು. ಅವುಗಳ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ನಡವಳಿಯೊಂದು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳುಂಟು, ಆದರೆ ಅರ್ಕಾವತ್ತು, ಒತ್ತಕ್ಷರಗಳು ಸ್ಥಳ ತಪ್ಪುವುದೂ ಉಂಟು. ಮೋಡಿ ಅಳಿಯಲು ಹಲವು ತಲೆಮಾರು ಬೇಕಾದುವು. ಈ ಲಿಪಿಗೆ ಇಪ್ಪತ್ತು ವರ್ಷಗಳೂ ಹಿಡಿಯಲಿಲ್ಲ! ಅಂಕೀಯ ಪತ್ರಾಗಾರಗಳಿಗಾಗಿ 2003ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಮಾದರಿಯು (ಐಎಸ್‌ಒ 14721) ಈ ಸಂಗತಿಯನ್ನು ಮನಗಂಡಿದೆ. ದಾಖಲೆಯನ್ನು ಯಾವ ಓದುಗವರ್ಗಕ್ಕಾಗಿ ಕಾಯುತ್ತೇವೆ, ಆ ವರ್ಗಕ್ಕೆ ಏನು ತಿಳಿದಿದೆ ಎಂಬುದನ್ನು ಮೊದಲು ನಿಶ್ಚಯಿಸಿ, ತಿಳಿಯದಿರುವುದನ್ನು ದಾಖಲೆಯೊಡನೆಯೇ ಇರಿಸಬೇಕೆಂಬುದು ಅದರ ತಿರುಳು.

2024ರಲ್ಲಿ ಮೊದಲಾದ ‘ಭೂಸುರಕ್ಷಾ’ ಯೋಜನೆಯಲ್ಲಿ ತಹಶೀಲ್ದಾರ್ ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕಾರ್ಯ ಕೈಗೊಳ್ಳಲಾಗಿದೆ. ಇದು ಸ್ವಾಗತಾರ್ಹ. ಆದರೆ ಸ್ಕ್ಯಾನ್ ಮಾಡಿದ ಉರ್ದು ಪುಟ, ಸೂಚಿಯಿಲ್ಲದಿದ್ದರೆ, ಕೇವಲ ಚಿತ್ರ. ಯಂತ್ರ ಅದನ್ನು ಹುಡುಕಿಕೊಡಲಾರದು, ಅರ್ಜಿದಾರ ಓದಲಾರ. ನಕಲು ಆದ ಮೇಲೆ ಮೂಲವೇಕೆ ಎಂಬ ಮಾತೂ ಕೇಳಿಬರುವುದುಂಟು. ಮಸಿಯ ಭೇದ, ಮೊಹರಿನ ಒತ್ತು, ಅಂಚಿನ ತಿದ್ದುಪಡಿಗಳನ್ನು ಪರೀಕ್ಷಿಸಬೇಕಾದಾಗ ಮೂಲವಲ್ಲದೆ ಅನ್ಯ ಗತಿಯಿಲ್ಲವೆಂದು ನಾವು ಬಲ್ಲೆವು.

ಇತಿಹಾಸ ವಿಭಾಗಗಳಿಗೆ ಇಲ್ಲಿ ಸ್ಪಷ್ಟವಾದ ಕೆಲಸವಿದೆ. ಸಿಯಾಖ್ ಅಂಕಿಗಳನ್ನೂ ಮೋಡಿಯನ್ನೂ ದಫ್ತರದ ಉರ್ದುವನ್ನೂ ಒಂದು ವರ್ಷದ ಅಭ್ಯಾಸವಾಗಿ ಕಲಿಸುವುದು ಅಸಾಧ್ಯವೇನಲ್ಲ. ಕಲಿತ ವಿದ್ಯಾರ್ಥಿಗಳು ಈ ನಾಲ್ಕು ತಾಲ್ಲೂಕುಗಳ ಒಂದೊಂದು ಕಟ್ಟಿಗೂ ಒಂದು ಚೀಟಿಯನ್ನು ಸಿದ್ಧಪಡಿಸಬಹುದು. ಅದರಲ್ಲಿ ಗ್ರಾಮದ ಹೆಸರು ಕನ್ನಡದಲ್ಲಿಯೂ ಮೂಲದಲ್ಲಿರುವಂತೆಯೂ, ಫಸಲಿ ವರ್ಷ ಮತ್ತು ಅದಕ್ಕೆ ಸಲ್ಲುವ ಇಸವಿ, ಭಾಷೆ, ಲಿಪಿ, ಅಂಕಿಯ ಬಗೆ, ದಿವಾನಿಯೋ ಜಹಗೀರೋ ಎಂಬ ವಿವರ ಇರಬೇಕು; ಓದಿದವನ ಹೆಸರೂ ಇರಬೇಕು. ಕೆಲಸವನ್ನು ಯಲಬುರ್ಗಾದಿಂದ ಮೊದಲುಮಾಡುವುದು ಮೇಲು. ದಿವಾನಿ ತಾಲ್ಲೂಕುಗಳ ಕಾಗದಗಳಿಗಿಂತ ಜಹಗೀರಿನ ಕಾಗದಗಳು ಹೆಚ್ಚು ಕೈ ಬದಲಾಯಿಸಿವೆ.