ಪಣ, ಹಣ, ಫನಂ: ಒಂದು ನಾಣ್ಯಪದದ ಮೂರು ರೂಪಗಳು

ಸಂಸ್ಕೃತದ ‘ಪಣ’ ಶಬ್ದಕ್ಕೆ ಜೂಜಿನ ಒತ್ತೆ ಎಂಬ ಅರ್ಥವೂ ನಾಣ್ಯವೆಂಬ ಅರ್ಥವೂ ಉಂಟು. ಅರ್ಥಶಾಸ್ತ್ರ, ಮನುಸ್ಮೃತಿಗಳು ದಂಡವನ್ನು ಪಣಗಳಲ್ಲಿ ಎಣಿಸುತ್ತವೆ. ಕನ್ನಡದಲ್ಲಿ ಈ ಅರ್ಥಗಳು ಎರಡು ರೂಪಗಳಿಗೆ ಹಂಚಿಹೋಗಿವೆ: ಒತ್ತೆಗೆ ‘ಪಣ’, ದುಡ್ಡಿಗೆ ‘ಹಣ’. ಈ ಹಂಚಿಕೆಗೆ ಬಳಕೆಯ ವಲಯಭೇದವೇ ಕಾರಣವೆಂಬುದು ನಮ್ಮ ವಾದ.

ಪದಾದಿಯ ಪಕಾರವು ಹಕಾರವಾಗುವುದು ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣುತ್ತದೆ: ಪಾಲ್–ಹಾಲು, ಪುಲಿ–ಹುಲಿ. ‘ಪತ್ರ’, ‘ಪದ’ಗಳಂತಹ ತತ್ಸಮಗಳು ಈ ಬದಲಾವಣೆಗೆ ಒಳಗಾಗಲಿಲ್ಲ, ನಾಣ್ಯವಾಚಿ ‘ಪಣ’ ಒಳಗಾಯಿತು. ಆ ವೇಳೆಗೆ ಅದು ಕೊಡುಕೊಳೆಯ ಮಾತಿನಲ್ಲಿ ದೇಶ್ಯಪದದಂತೆ ಬೆರೆತಿತ್ತೆಂದು ಊಹಿಸಬಹುದು. ಒತ್ತೆಯ ‘ಪಣ’ ಗ್ರಂಥಭಾಷೆಯ ಆಸರೆಯಲ್ಲಿ ತತ್ಸಮವಾಗಿಯೇ ಉಳಿಯಿತು.

ಇಂಗ್ಲಿಷಿನ ‘ಫನಂ’ ರೂಪದ ಫಕಾರವನ್ನು ಕನ್ನಡದ ಪ–ಹ ಬದಲಾವಣೆಯ ನಡುಹಂತಕ್ಕೆ ಸಾಕ್ಷಿಯೆಂದು ಭಾವಿಸುವ ಸೆಳೆತ ಸಹಜ. ಆದರೆ ಅದರ ಮೂಲ ತಮಿಳು–ಮಲಯಾಳಗಳ ‘ಪಣಂ’. ಅಲ್ಲಿ ಪಕಾರ ಇಂದಿಗೂ ಉಳಿದಿದೆ. ಫಕಾರದ ರೂಪವು 1498ಕ್ಕೆ ಮೊದಲೇ, 14ನೆಯ ಶತಮಾನದ ಇಬ್ನ್ ಬತೂತನ ಬರೆಹದಲ್ಲಿ ದೊರೆಯುತ್ತದೆ. ಪಕಾರವಿಲ್ಲದ ಅರಬ್ಬಿಯು ಅನ್ಯಭಾಷಾಪದಗಳಲ್ಲಿ ಫಕಾರವನ್ನು ಬಳಸುವುದು ವಾಡಿಕೆ. ಆದುದರಿಂದ ಇದು ಕಡಲ ವ್ಯಾಪಾರದ ಸಾಕ್ಷ್ಯವೇ ಹೊರತು ಕನ್ನಡ ಧ್ವನಿಚರಿತ್ರೆಯದಲ್ಲ.

ಅರ್ಥದ ಕಡೆಗೂ ನೋಡಬೇಕು. ವಿಜಯನಗರ ಕಾಲದಲ್ಲಿ ಹತ್ತು ಹಣಕ್ಕೆ ಒಂದು ವರಹ. 17ನೆಯ ಶತಮಾನದ ಮೈಸೂರಿನಲ್ಲಿ ಕಂಠೀರಾಯ ಹಣ ಚಲಾವಣೆಗೆ ಬಂದಿತು. ನಾಣ್ಯ ಮರೆಯಾದಂತೆ ಎಣಿಕೆಯ ಅರ್ಥವೂ ಅಳಿಯಿತು. ಇಂದು ‘ಬಹಳ ಹಣ’ ಎನ್ನುತ್ತೇವೆ. ‘ಹತ್ತು ಹಣ’ ಎನ್ನುವುದಿಲ್ಲ. ನಾಣ್ಯವಾಚಿಯು ರಾಶಿವಾಚಿಯಾದಾಗ ವ್ಯಾಕರಣವೂ ಬದಲಾಗುತ್ತದೆಂಬುದಕ್ಕೆ ಇದೇ ನಿದರ್ಶನ.