ದೋಣಿಯಂತ್ರದ ಟ್ಯಾಂಕಿಯೂ ಚಳಿಗಾಲವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರಭಾಗದಲ್ಲಿ ವಿಸ್ಕಾನ್ಸಿನ್ ಎಂಬ ಪ್ರಾಂತವುಂಟು. ಅದು ಸರೋವರಗಳ ನಾಡು. ಅಲ್ಲಿನ ಮೆಂಡೋಟ ಸರೋವರವು ಎಂದು ಹೆಪ್ಪುಗಟ್ಟಿತು, ಎಂದು ಕರಗಿತು ಎಂಬುದನ್ನು 1850ರ ದಶಕದಿಂದಲೂ ಬರೆದಿಟ್ಟುಕೊಂಡು ಬಂದಿದ್ದಾರೆ. ನೀರೇ ನೆಲದಂತೆ ಗಟ್ಟಿಯಾಗುವ ಇಂತಹ ಸೀಮೆಯಲ್ಲಿ ದೋಣಿಗೆ ವರ್ಷವೆಲ್ಲ ಕೆಲಸವಿರಲಾರದು. ಚಳಿಗಾಲವು ಕಳೆಯುವವರೆಗೆ ದೋಣಿಯೂ ಅದರ ಯಂತ್ರವೂ ಮನೆಯ ಹಿಂದಣ ಕೊಠಡಿಯಲ್ಲಿ ನಿದ್ರಿಸತಕ್ಕವು. ಆ ನಿದ್ರೆಯಲ್ಲಿ ಎಷ್ಟೋ ವೇಳೆ ಯಂತ್ರಕ್ಕಿಂತ ಮೊದಲು ಕೆಡುವುದು ಅದರ ಪೆಟ್ರೋಲಿನ ಟ್ಯಾಂಕಿ. ಅದನ್ನು ತುಂಬಿಡಬೇಕೋ ಬರಿದುಮಾಡಿಡಬೇಕೋ ಎಂಬುದು ದೋಣಿಯವರಲ್ಲಿ ಬಹುಕಾಲದ ವಿವಾದ.

ದೋಣಿಯ ಹಿಂಬದಿಗೆ ಸಿಕ್ಕಿಸಿ, ಬೇಡವಾದಾಗ ತೆಗೆದಿಡಬಹುದಾದ ಈ ಯಂತ್ರಕ್ಕೆ ಔಟ್‌ಬೋರ್ಡ್ ಮೋಟಾರ್ ಎಂದು ಹೆಸರು. 1905ರ ಸುಮಾರಿಗೆ ಕ್ಯಾಮೆರಾನ್ ವಾಟರ್‌ಮನ್ ಎಂಬಾತನು ಇಂತಹುದೊಂದನ್ನು ನಿರ್ಮಿಸಿದ್ದನು. ಆದರೆ ಅದನ್ನು ಜನಸಾಮಾನ್ಯರ ವಸ್ತುವನ್ನಾಗಿ ಮಾಡಿದ ಕೀರ್ತಿಯು ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್ನಿನಲ್ಲಿ ಬೆಳೆದ ಓಲೆ ಎವಿನ್‌ರೂಡ್‌ಗೆ ಸಲ್ಲುವುದು. 1909ರಲ್ಲಿ ಮಿಲ್ವಾಕಿ ನಗರದಲ್ಲಿ ಆತನು ಮಾರಿದ ಯಂತ್ರದ ಶಕ್ತಿ ಒಂದೂವರೆ ಅಶ್ವಬಲ, ತೂಕ 62 ಪೌಂಡು. ಅವನ ಹೆಂಡತಿ ಬೆಸ್ ವ್ಯಾಪಾರವನ್ನೂ ಜಾಹೀರಾತುಗಳನ್ನೂ ನೋಡಿಕೊಂಡಳು. ಆಕೆಯಿಲ್ಲದಿದ್ದರೆ ಓಲೆಯ ಹೆಸರು ಇಷ್ಟು ದೂರ ಹಬ್ಬುತ್ತಿದ್ದುದು ಸಂದೇಹವೇ ಸರಿ.

ಆ ಮೊದಲ ಯಂತ್ರಗಳಲ್ಲಿ ಟ್ಯಾಂಕಿಯು ಯಂತ್ರದ ಮೈಗೇ ಹೊಂದಿಕೊಂಡಿದ್ದ ಸಣ್ಣ ಪಾತ್ರೆ, ಹಲವು ಹಿತ್ತಾಳೆಯವು. ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿದು ಯಂತ್ರವನ್ನು ಸೇರುತ್ತಿತ್ತು. 1949ರಲ್ಲಿ ಜಾನ್ಸನ್ ಕಂಪನಿಯವರು ಹತ್ತು ಅಶ್ವಬಲದ ಯಂತ್ರವೊಂದನ್ನು ಹೊರತಂದಾಗ ಟ್ಯಾಂಕಿಯು ಯಂತ್ರದಿಂದ ಬೇರೆಯಾಗಿ, ಹಿಡಿಯುಳ್ಳ ಉಕ್ಕಿನ ಡಬ್ಬಿಯ ರೂಪದಲ್ಲಿ ದೋಣಿಯ ತಳಕ್ಕಿಳಿಯಿತು. ಕೆಳಗಿರುವ ಪೆಟ್ರೋಲನ್ನು ಮೇಲಕ್ಕೇರಿಸಬೇಕಾಯಿತಷ್ಟೆ. ಅದಕ್ಕಾಗಿ ಎರಡು ಕೊಳವೆಗಳಿದ್ದುವು: ಒಂದರಲ್ಲಿ ಯಂತ್ರದಿಂದ ಗಾಳಿಯು ಬಂದು ಟ್ಯಾಂಕಿಯೊಳಗೆ ಒತ್ತಡವನ್ನುಂಟುಮಾಡುವುದು, ಇನ್ನೊಂದರಲ್ಲಿ ಪೆಟ್ರೋಲು ಮೇಲಕ್ಕೆ ಹೋಗುವುದು. ಇಂತಹ ಟ್ಯಾಂಕಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಯಂತ್ರವು ನಡೆಯದು. ಪೆಟ್ರೋಲು ದೋಣಿಯೊಳಕ್ಕೆ ಚಿಮ್ಮುವ ಭಯವೂ ಉಂಟು. ಹೊಸದು ಸಿಕ್ಕದ ಈ ಕಾಲದಲ್ಲಿ ತಳ ತೂತಾದ ಟ್ಯಾಂಕಿಯಿಂದಾಗಿ ಮೂಲೆಗೆ ಬಿದ್ದ ಒಳ್ಳೆಯ ಯಂತ್ರಗಳು ಉಂಟು.

ತೂತಾಗುವ ಬಗೆ ಹೇಗೆಂದರೆ: ಅರ್ಧ ಬರಿದಾದ ಟ್ಯಾಂಕಿಯು ಒಂದರ್ಥದಲ್ಲಿ ಉಸಿರಾಡುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿಯು ಹಿಗ್ಗಿ ಮುಚ್ಚಳದ ಸಂದಿನಿಂದ ಹೊರಟುಹೋಗುವುದು. ರಾತ್ರಿಯ ಶೈತ್ಯಕ್ಕೆ ಕುಗ್ಗಿದಾಗ ಹೊರಗಣ ತೇವದ ಗಾಳಿಯು ಒಳಹೊಕ್ಕು ತಣ್ಣನೆಯ ಲೋಹದ ಮೇಲೆ ಹನಿಗಟ್ಟುವುದು. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ಆ ಹನಿಗಳು ತಳಕ್ಕಿಳಿದು ಬೆಸುಗೆಯ ಅಂಚಿನಲ್ಲಿ ನಿಲ್ಲುವುವು. ಅಲ್ಲಿಂದ ತುಕ್ಕಿನ ಆರಂಭ. ಮೋಟಾರುಗಾಡಿಗಳ ಟ್ಯಾಂಕಿಗಳಿಗೆ ಹಿಂದೆ ಸೀಸ ಮತ್ತು ತವರಗಳ ಮಿಶ್ರಲೇಪವನ್ನು ಕೊಡುತ್ತಿದ್ದುದು ಇದಕ್ಕಾಗಿಯೇ. ನಮ್ಮ ಮನೆಗಳ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದನ್ನು ಬಲ್ಲವರಿಗೆ ಇದು ಹೊಸದೆನಿಸದು. ಕಲಾಯಿ ಹೋದೆಡೆಯಲ್ಲಿ ಕಿಲುಬು ಏಳುವಂತೆ ಲೇಪ ಹರಿದೆಡೆಯಲ್ಲಿ ತುಕ್ಕು ಏಳುವುದು.

ಹಾಗಾದರೆ ಕಂಠದವರೆಗೆ ತುಂಬಿಟ್ಟರೆ ಗಾಳಿಗೆ ಎಡೆಯೆಲ್ಲಿ? ಇದು ಒಂದು ಪಕ್ಷದವರ ಮತ, ಅದರಲ್ಲಿ ಯುಕ್ತಿಯಿಲ್ಲದಿಲ್ಲ. ಆದರೆ ಪೆಟ್ರೋಲು ಜೇನಿನಂತೆ ಬಹುಕಾಲ ಕೆಡದೆ ನಿಲ್ಲುವ ವಸ್ತುವಲ್ಲ. 1913ರಲ್ಲಿ ಬರ್ಟನ್ ಎಂಬಾತನ ವಿಧಾನದಿಂದ ಭಾರವಾದ ಎಣ್ಣೆಗಳನ್ನು ಕಾಯಿಸಿ ಒಡೆದು ಪೆಟ್ರೋಲು ಮಾಡುವುದು ಮೊದಲಾಯಿತು. ಹೀಗೆ ಪಡೆದ ಪೆಟ್ರೋಲು ಹೇರಳವಾಗಿ ದೊರೆಯಿತಾದರೂ ಗಾಳಿಯ ಆಮ್ಲಜನಕದೊಡನೆ ಬಹು ಬೇಗ ಬೆರೆತು ಅರಗಿನಂತಹ ಅಂಟಾಗುತ್ತಿತ್ತು. ಆ ಅಂಟು ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುವುದು. ಅನಂತರ ಇದನ್ನು ತಡೆಯುವ ದ್ರವ್ಯಗಳನ್ನು ಬೆರೆಸತೊಡಗಿದರು. ಅದರಿಂದ ಕೆಡುವುದು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ವಿನೋದವೇನೆಂದರೆ, ತುಕ್ಕು ಹಿಡಿಯದ ಹಿತ್ತಾಳೆಯ ಟ್ಯಾಂಕಿಯೇ ಇಲ್ಲಿ ಹಗೆ: ಅದರಲ್ಲಿರುವ ತಾಮ್ರವು ಪೆಟ್ರೋಲು ಅಂಟಾಗುವುದನ್ನು ತ್ವರೆಗೊಳಿಸುತ್ತದೆ.

ಹೀಗೆ ಎರಡು ಪಕ್ಷಗಳೂ ಸಮಬಲವಾಗಿದ್ದ ವಿವಾದವನ್ನು ತೀರಿಸಿದುದು ಮದ್ಯಸಾರ. ಅಮೆರಿಕದಲ್ಲಿ 2005ರ ಶಾಸನದ ತರುವಾಯ ಪೆಟ್ರೋಲಿಗೆ ಶೇಕಡಾ 10ರವರೆಗೆ ಎಥನಾಲನ್ನು ಬೆರೆಸುವುದು ಬಹುತೇಕ ಎಲ್ಲೆಡೆಯೂ ರೂಢಿಗೆ ಬಂದಿತು. ಎಥನಾಲು ನೀರಿಗೆ ಮಿತ್ರ. ಅಂತಹ ಮಿಶ್ರಣವು ಸುಮಾರು ಅರ್ಧ ಪಾಲು ಶೇಕಡಾ ನೀರನ್ನು ತನ್ನಲ್ಲಿ ಅಡಗಿಸಿಕೊಳ್ಳಬಲ್ಲದು. ಚಳಿ ಹೆಚ್ಚಿದಷ್ಟೂ ಆ ಸಾಮರ್ಥ್ಯವು ಕುಗ್ಗುವುದು. ಮಿತಿ ಮೀರಿದ ಕೂಡಲೆ ಎಥನಾಲೂ ನೀರೂ ಕೂಡಿ ಪೆಟ್ರೋಲನ್ನು ತೊರೆದು ತಳದಲ್ಲಿ ಬೇರೊಂದು ಪದರವಾಗಿ ಕೂಡುವುವು. ಆ ಪದರವು ಉಕ್ಕನ್ನು ತಿನ್ನುವುದು. ಹಳೆಯ ಕಾಲದ ರಬ್ಬರು ಕೊಳವೆಗಳನ್ನೂ ಬಿರಡೆಗಳನ್ನೂ ಉಬ್ಬಿಸಿ ಮೆತ್ತಗೆ ಮಾಡುವುದು. ಆದುದರಿಂದ ಬಿಡಿಯಾಗಿ ಎತ್ತಿಕೊಂಡು ಹೋಗಬಹುದಾದ ಹಳೆಯ ಟ್ಯಾಂಕಿಗಳ ವಿಷಯದಲ್ಲಿ ಬರಿದುಮಾಡಿಡುವುದೇ ಮೇಲೆಂದು ತೋರುತ್ತದೆ.

ಬರಿದುಮಾಡುವುದೆಂದರೆ ಬೋರಲು ಹಾಕುವುದಷ್ಟೇ ಅಲ್ಲ. ಒತ್ತಡದ ಟ್ಯಾಂಕಿಯಾದರೆ ಮೊದಲು ಮುಚ್ಚಳವನ್ನು ಮೆಲ್ಲನೆ ಸಡಿಲಿಸಿ ಗಾಳಿಯನ್ನು ಬಿಡಬೇಕು. ಪೆಟ್ರೋಲನ್ನು ಸುರಿದಾದ ಮೇಲೆ, ಬಯಲಿನಲ್ಲಿ ಬೆಂಕಿಯ ಸುಳಿವಿಲ್ಲದೆಡೆ ಬಾಯಿ ತೆರೆದಿಟ್ಟು ಚೆನ್ನಾಗಿ ಒಣಗಿಸಬೇಕು. ಬಳಿಕ ಯಂತ್ರಕ್ಕೆ ಬೆರೆಸುವ ಎಣ್ಣೆಯನ್ನೇ ಸ್ವಲ್ಪ ಹೊಯ್ದು, ಒಳಮೈಗೆಲ್ಲ ಹತ್ತುವಂತೆ ಹೊರಳಿಸಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ತೇವವಿಲ್ಲದ ಸ್ಥಳದಲ್ಲಿ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡುವುದು. ವಸಂತದಲ್ಲಿ ಆ ಎಣ್ಣೆಯನ್ನು ಒಂದಿಷ್ಟು ಹೊಸ ಪೆಟ್ರೋಲಿನಿಂದ ಗಲಬರಿಸಿ ತೆಗೆದರಾಯಿತು.

ಬರಿದಾದ ಟ್ಯಾಂಕಿಯನ್ನು ನಿರಪಾಯವೆಂದು ಬಗೆದು ಸೋರುವ ಕಡೆ ಬೆಸುಗೆ ಹಾಕಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ತುಂಬಿದ ಟ್ಯಾಂಕಿಯಲ್ಲಿ ಉರಿಯುವುದಕ್ಕೆ ಬೇಕಾದ ಗಾಳಿಯಿಲ್ಲ. ಬರಿದಾದುದರಲ್ಲಿ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಕಿಡಿಯೊಂದಕ್ಕಾಗಿ ಕಾದಿರುತ್ತವೆ.