ಮರಳು ಕಲಿಸಿದ ಲೆಕ್ಕ: ಗಾಡಿಯನ್ನು ಎಷ್ಟು ಎತ್ತಿಸಬೇಕು?

ಕಳೆದ ಚಳಿಗಾಲದ ಆರಂಭದಲ್ಲಿ ನಮ್ಮ ಬಿಲ್ಡಿಂಗಿನ ಪುತ್ತೂರಿನ ಹುಡುಗನೊಬ್ಬ ಹಳೆಯ ನಿಸಾನ್ ಪಟ್ರೋಲ್ ಕೊಂಡ. ಆರು ವರ್ಷ ಓವರ್‌ಟೈಮ್ ಮಾಡಿ ಕೂಡಿಟ್ಟ ಹಣ. ಗಾಡಿ ಬಂದ ಮೂರನೇ ದಿನವೇ ನನ್ನ ಬಳಿ ಬಂದು, "ಅಣ್ಣಾ, ನಾಲ್ಕಿಂಚು ಎತ್ತಿಸ್ತೇನೆ. ಗ್ಯಾರೇಜಿನವ ಕಿಟ್ ತರಿಸಿ ಕೊಡ್ತಾನಂತೆ. ಡಿಸೆಂಬರಿಗೆ ಹೆಂಡ್ತಿ, ಮಗು ವಿಸಿಟ್‌ಗೆ ಬರ್ತಾರೆ, ಅವರನ್ನು ಮರಳಿಗೆ ಕರ್ಕೊಂಡು ಹೋಗ್ಬೇಕು" ಎಂದ.

ನಾನು ಮೆಕ್ಯಾನಿಕ್ ಅಲ್ಲ, ಆಸ್ಪತ್ರೆಯ ಫಾರ್ಮಸಿಯಲ್ಲಿ ಔಷಧಿ ಕೊಡುವವನು. ಆದರೆ ಹತ್ತು ಹನ್ನೆರಡು ವರ್ಷಗಳಿಂದ ರಜಾದಿನಗಳಲ್ಲಿ ಮರಳಿಗೆ ಹೋಗುತ್ತಿದ್ದೇನೆ. ಮರುಭೂಮಿಯಲ್ಲಿ ಗಾಡಿ ಓಡಿಸಿದವರ ಚರಿತ್ರೆ ಓದುವ ಹುಚ್ಚೂ ಇದೆ. ಮಗುವಿಗೆ ಔಷಧಿ ಕೊಡುವಾಗ ನಾವು ಮೊದಲು ಕೇಳುವುದು ತೂಕ ಎಷ್ಟು ಎಂದು. ಗಾಡಿಯ ವಿಷಯದಲ್ಲೂ ಮೊದಲ ಪ್ರಶ್ನೆ ಅದೇ ಎಂದು ಆ ಚರಿತ್ರೆ ನನಗೆ ಕಲಿಸಿದೆ.

ಈ ಕತೆ ಈಜಿಪ್ಟಿನಲ್ಲಿ ಶುರುವಾಗುತ್ತದೆ. ಬ್ರಿಟಿಷ್ ಸೇನೆಯ ಅಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ 1920ರ ದಶಕದ ಕೊನೆಯಲ್ಲಿ ರಜೆ ಸಿಕ್ಕಾಗಲೆಲ್ಲ ಗೆಳೆಯರೊಂದಿಗೆ ಫೋರ್ಡ್ ಕಾರುಗಳನ್ನು ಲಿಬಿಯನ್ ಮರುಭೂಮಿಗೆ ಇಳಿಸುತ್ತಿದ್ದ. ಮೊದಲು ಮಾಡೆಲ್ ಟಿ, ಆಮೇಲೆ ಮಾಡೆಲ್ ಎ. ಫೋರ್ ವ್ಹೀಲ್ ಡ್ರೈವ್ ಇಲ್ಲದ ಸಾಧಾರಣ ಕಾರುಗಳವು. ಆದರೂ ಗಾಡಿಗೆ ದಾಟಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದ ಮರಳ ಸಮುದ್ರದೊಳಗೆ ಅವರು ಹೋಗಿ ಬಂದರು. ಗಾಡಿಯನ್ನು ಎತ್ತರಿಸಿ ಅಲ್ಲ. ಟೈರಿನ ಗಾಳಿ ಇಳಿಸಿದರು, ಬೇಡದ ಭಾರ ತೆಗೆದರು, ಹೂತುಹೋದರೆ ಚಕ್ರದಡಿ ಇಡಲು ಕಬ್ಬಿಣದ ಪಟ್ಟಿಗಳನ್ನು ಒಯ್ದರು. ಇಂದು ನಾವು ಮರಳಿಗಿಳಿಯುವ ಮುಂಚೆ ಟೈರನ್ನು 15 ಪಿಎಸ್‌ಐಗೆ ಇಳಿಸುವುದು ಅದೇ ಪಾಠದ ಮುಂದುವರಿಕೆ. ಬ್ಯಾಗ್ನಾಲ್ಡ್ ಅಲ್ಲಿಗೇ ನಿಲ್ಲಲಿಲ್ಲ. ಗಾಳಿಗೆ ಮರಳು ಹೇಗೆ ಸಾಗುತ್ತದೆ, ದಿಬ್ಬ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದರ ಬಗ್ಗೆ 1941ರಲ್ಲಿ ಅವನು ಪ್ರಕಟಿಸಿದ ಪುಸ್ತಕವನ್ನು ವಿಜ್ಞಾನಿಗಳು ಇಂದಿಗೂ ಓದುತ್ತಾರೆ.

1940ರಲ್ಲಿ ಯುದ್ಧಕ್ಕಾಗಿ ಅವನು ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ತುಕಡಿ ಕಟ್ಟಿದ. ಅದರ ಟ್ರಕ್ಕುಗಳು ಮೊದಮೊದಲು ಟೂ ವ್ಹೀಲ್ ಡ್ರೈವ್‌ನವೇ. ಕಾರಣ, ಅವು ಹಗುರ, ಪೆಟ್ರೋಲು ಕಡಿಮೆ ಕುಡಿಯುತ್ತವೆ. ಬಾಗಿಲು, ಗಾಜು, ಛಾವಣಿ ಎಲ್ಲ ಕಿತ್ತರು. ಪೆಟ್ರೋಲು, ನೀರು, ಮದ್ದುಗುಂಡಿನ ಭಾರ ತಡೆಯಲು ಲೀಫ್ ಸ್ಪ್ರಿಂಗನ್ನು ಮಾತ್ರ ಬಲಪಡಿಸಿದರು. ಇಲ್ಲಿ ಒಂದು ಮಾತು ಗಮನಿಸಬೇಕು. ಅವರು ಸ್ಪ್ರಿಂಗ್ ಬದಲಿಸಿದ್ದು ಹೊತ್ತ ಭಾರಕ್ಕಾಗಿ, ಎತ್ತರ ಕಾಣಲಿ ಎಂದಲ್ಲ.

ಅದೇ ಯುದ್ಧ ಜಗತ್ತಿಗೆ ಜೀಪನ್ನು ಕೊಟ್ಟಿತು. 1947ರಿಂದ ಮಹೀಂದ್ರದವರು ಮುಂಬೈಯಲ್ಲಿ ವಿಲ್ಲಿಸ್ ಜೀಪ್ ಜೋಡಿಸತೊಡಗಿದರು. ನಮ್ಮ ಮಲೆನಾಡಿನ ತೋಟದ ದಾರಿಗಳಲ್ಲಿ ಹನ್ನೆರಡು ಜನ ನೇತಾಡುತ್ತ ಹೋಗುತ್ತಿದ್ದ ಜೀಪುಗಳು ಆ ವಂಶದವೇ. ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಆ ಸ್ಪ್ರಿಂಗಿನ ಗುಣ ನಮಗೆಲ್ಲ ಗೊತ್ತು. ಜನ ತುಂಬಿದರೆ ಮೆತ್ತಗೆ, ಖಾಲಿ ಇದ್ದರೆ ಸೊಂಟ ಮುರಿಯುವ ಹಾಗೆ.

ಗಲ್ಫಿಗೆ ರಸ್ತೆಗಿಂತ ಮೊದಲು ಗಾಡಿ ಬಂತು. 1951ರಲ್ಲಿ ಹುಟ್ಟಿ ಮುಂದೆ ಟ್ರೂಷಿಯಲ್ ಓಮನ್ ಸ್ಕೌಟ್ಸ್ ಎಂದಾದ ಪಡೆ ಲ್ಯಾಂಡ್ ರೋವರುಗಳಲ್ಲಿ ಈಗಿನ ಎಮಿರೇಟ್ಸಿನ ಮರಳು, ವಾದಿಗಳನ್ನು ಸುತ್ತುತ್ತಿತ್ತು. 1955ರ ಡಿಸೆಂಬರಿನಲ್ಲಿ ಮಸ್ಕತ್ತಿನ ಸುಲ್ತಾನ ಸೈದ್ ಬಿನ್ ತೈಮೂರ್ ಸಲಾಲದಿಂದ ಟ್ರಕ್ಕುಗಳಲ್ಲಿ ಮರುಭೂಮಿ ದಾಟಿ ನಿಜ್ವಾದ ಕಡೆಗೆ ಹೋದ. ಅಜ್ಮೀರದ ಮೇಯೋ ಕಾಲೇಜಿನಲ್ಲಿ ಓದಿದ್ದ ಸುಲ್ತಾನನವನು. ಜೊತೆಗಿದ್ದ ಪತ್ರಕರ್ತ ಜೇಮ್ಸ್ ಮಾರಿಸ್ ಆ ಪ್ರಯಾಣದ ಮೇಲೆ ಒಂದು ಪುಸ್ತಕವನ್ನೇ ಬರೆದ.

ಮುಂದಿನ ಬದಲಾವಣೆ ಸ್ಪ್ರಿಂಗಿನದು. 1960ರಲ್ಲಿ ಬಂದ 40 ಸರಣಿಯ ಲ್ಯಾಂಡ್ ಕ್ರೂಸರ್ ಲೀಫ್ ಸ್ಪ್ರಿಂಗಿನ ಮೇಲೇ ನಿಂತಿತ್ತು. 1970ರ ರೇಂಜ್ ರೋವರ್ ನಾಲ್ಕೂ ಚಕ್ರಕ್ಕೆ ಸುರುಳಿ ಸ್ಪ್ರಿಂಗ್ ಹಾಕಿ, ಕಾಡುದಾರಿಯ ಗಾಡಿಯೂ ಮೆತ್ತಗೆ ಓಡಬಹುದು ಎಂದು ತೋರಿಸಿತು. ಆಮೇಲೆ ಪಟ್ರೋಲ್, ಲ್ಯಾಂಡ್ ಕ್ರೂಸರ್ ಕೂಡ ಸುರುಳಿಗೆ ಬಂದವು. 1998ರ 100 ಸರಣಿಯ ಲ್ಯಾಂಡ್ ಕ್ರೂಸರಿನಲ್ಲಿ ಮುಂದಿನ ಎರಡು ಚಕ್ರಗಳು ಬೇರೆಬೇರೆಯಾಗಿ ಆಡತೊಡಗಿದವು. 2010ರಲ್ಲಿ ಅಬುಧಾಬಿಯಲ್ಲೇ ಅನಾವರಣಗೊಂಡ ಪಟ್ರೋಲಿನಲ್ಲಿ ನಾಲ್ಕೂ ಚಕ್ರಗಳು ಹಾಗಾದವು.

ಹಾಗಾದರೆ ಲಿಫ್ಟ್ ಕಿಟ್ ಎಲ್ಲಿಂದ ಬಂತು? ಅದು ಮರಳ ಕೂಸಲ್ಲ. ಅಮೆರಿಕದಲ್ಲಿ ಬಂಡೆ ಹತ್ತುವವರಿಗೆ ದೊಡ್ಡ ಟೈರ್ ಕೂರಿಸಲು ಜಾಗ ಬೇಕಿತ್ತು. ಆಸ್ಟ್ರೇಲಿಯಾದಲ್ಲಿ ವಾರಗಟ್ಟಲೆ ತಿರುಗುವವರ ಗಾಡಿ ಬುಲ್‌ಬಾರ್, ವಿಂಚ್, ಹೆಚ್ಚುವರಿ ಟ್ಯಾಂಕಿನ ಭಾರಕ್ಕೆ ಕುಸಿಯುತ್ತಿತ್ತು. 1975ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ಎಆರ್‌ಬಿಯಂಥ ಕಂಪನಿಗಳು ಬೆಳೆದದ್ದು ಇಂಥವರಿಗಾಗಿ. ಅವರ ಓಲ್ಡ್ ಮ್ಯಾನ್ ಎಮು ಸ್ಪ್ರಿಂಗ್ ಇಲ್ಲಿಯ ಅಂಗಡಿಗಳಲ್ಲೂ ಸಿಗುತ್ತದೆ. ಇಂಥ ಸ್ಪ್ರಿಂಗುಗಳನ್ನು ಗಾಡಿ ಸದಾ ಹೊರುವ ಭಾರ ನೋಡಿ ಆರಿಸಬೇಕು. ಖಾಲಿ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿದರೆ ತೋಟದ ಖಾಲಿ ಜೀಪಿನ ಅನುಭವವೇ.

ಇನ್ನು ಎತ್ತರದ ಲೆಕ್ಕ. ಒಣ ಮರಳಿನ ದಿಬ್ಬದ ಜಾರುವ ಮುಖ ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲುವುದಿಲ್ಲ. ಎಡ ಬಲ ಚಕ್ರಗಳ ನಡುವೆ 160 ಸೆಂ.ಮೀ., ಭಾರಕೇಂದ್ರ ನೆಲದಿಂದ 75 ಸೆಂ.ಮೀ. ಎಂದಿಟ್ಟುಕೊಳ್ಳಿ. ನಿಂತ ಗಾಡಿ ಪಕ್ಕಕ್ಕೆ ಮಗುಚುವುದು ಸುಮಾರು 47 ಡಿಗ್ರಿಯಲ್ಲಿ. ನಾಲ್ಕಿಂಚು, ಅಂದರೆ 10 ಸೆಂ.ಮೀ. ಎತ್ತಿಸಿದರೆ 43ರಲ್ಲೇ ಮಗುಚುತ್ತದೆ. ದಿಬ್ಬದ ಮೇಲೆ ಅಡ್ಡಡ್ಡ ಸಿಕ್ಕಿಕೊಂಡಾಗ ಕೈಯಲ್ಲಿದ್ದ 13 ಡಿಗ್ರಿ 9ಕ್ಕೆ ಇಳಿಯಿತು, ಮೂರನೇ ಒಂದು ಪಾಲು ಹೋಯಿತು. ಗಾಡಿ ಓಡುತ್ತಿದ್ದರೆ, ಚಕ್ರ ಗುಂಡಿಗೆ ಬಿದ್ದರೆ, ತಲೆಯ ಮೇಲೆ ಕ್ಯಾರಿಯರ್ ಇದ್ದರೆ ಉಳಿದದ್ದೂ ಕರಗುತ್ತದೆ.

ಮದ್ದಿನ ಡೋಸ್ ಏರಿಸಿದರೆ ಅಡ್ಡಪರಿಣಾಮವೂ ಏರುತ್ತದೆ. ಹಳೆಯ ಪಟ್ರೋಲಿನಂಥ ಇಡೀ ಆಕ್ಸಲ್‌ನ ಗಾಡಿಯನ್ನು ಎತ್ತಿದಾಗ ಮುಂಚಕ್ರದ ಕ್ಯಾಸ್ಟರ್ ಕೋನ ಕೆಡುತ್ತದೆ, ಹೈವೇಯಲ್ಲಿ ಸ್ಟೀರಿಂಗ್ ನೆಟ್ಟಗೆ ನಿಲ್ಲುವುದಿಲ್ಲ. ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಒಂದು ಬದಿಗೆ ಎಳೆಯುತ್ತದೆ. ಬ್ರೇಕ್ ಹೋಸ್ ಬಿಗಿಯಾಗುತ್ತದೆ. ಎರಡಿಂಚಿನವರೆಗೆ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್, ಬೇಕಾದಲ್ಲಿ ಕ್ಯಾಸ್ಟರ್ ಬುಷ್, ಕೊನೆಗೆ ಅಲೈನ್‌ಮೆಂಟ್ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ನಾಲ್ಕಿಂಚಾದರೆ ಉದ್ದದ ಬ್ರೇಕ್ ಹೋಸ್, ಹೊಂದಿಸಬಲ್ಲ ರಾಡ್, ಡ್ರೈವ್‌ಶಾಫ್ಟಿನ ನಡುಕ ಎಂದು ಪಟ್ಟಿ ಬೆಳೆಯುತ್ತದೆ. ಮುಂಚಕ್ರ ಬೇರೆಬೇರೆ ಆಡುವ ಹೊಸ ಗಾಡಿಗಳಲ್ಲಿ ಹೆಚ್ಚು ಎತ್ತಿದರೆ ಆಕ್ಸಲಿನ ಸಿವಿ ಜಾಯಿಂಟ್ ಬೇಗ ಸವೆಯುತ್ತದೆ. ಎಮಿರೇಟ್ಸಿನಲ್ಲಿ ಇಂಥ ಬದಲಾವಣೆಗೆ ಅನುಮತಿಯೂ ಬೇಕು. ಹಣ ಕೊಡುವ ಮುಂಚೆ ತಪಾಸಣಾ ಕೇಂದ್ರದಲ್ಲಿ ಕೇಳಿಕೊಳ್ಳಿ, ಇಲ್ಲದಿದ್ದರೆ ಮುಲ್ಕಿಯಾ ನವೀಕರಣದ ದಿನ ಪರದಾಡಬೇಕಾಗುತ್ತದೆ.

ಇದನ್ನೆಲ್ಲ ಆ ಹುಡುಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. "ಗಾಡಿಯಲ್ಲಿ ವಿಂಚ್ ಉಂಟಾ? ಬುಲ್‌ಬಾರ್?" ಎಂದು ಕೇಳಿದೆ. ಏನೂ ಇರಲಿಲ್ಲ. ಎರಡು ದಿನ ಸಪ್ಪಗಿದ್ದ. ಕೊನೆಗೆ ಸವೆದ ಸ್ಪ್ರಿಂಗ್, ಶಾಕ್ ತೆಗೆದು ಹಗುರ ಭಾರದ ಎರಡಿಂಚಿನ ಸೆಟ್ ಹಾಕಿಸಿದ. ಉಳಿದ ಹಣದಲ್ಲಿ ಏರ್ ಕಂಪ್ರೆಸರ್, ಗಾಳಿ ನೋಡುವ ಗೇಜ್, ಗಾಡಿ ಎಳೆಯುವ ಹಗ್ಗ, ಸಲಿಕೆ ಕೊಂಡ.

ಡಿಸೆಂಬರಿನಲ್ಲಿ ಎರಡು ಗಾಡಿಗಳಲ್ಲಿ ಅಲ್ ಬದಾಯರ್ ಕಡೆಗೆ ಹೋದೆವು. ಮಗುವನ್ನು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ, ಅವನು ಮೊದಲು ಮೊಣಕಾಲೂರಿ ಟೈರಿನ ಗಾಳಿ ಇಳಿಸಿದ. ಸಣ್ಣ ದಿಬ್ಬಗಳನ್ನಷ್ಟೇ ಹತ್ತಿಳಿದೆವು. ಒಂದು ಸಲ ಹೂತುಹೋದ, ಸಲಿಕೆ ಹಿಡಿದು ತಾನೇ ತೆಗೆದ. ಸಂಜೆ ಎಲ್ಲರೂ ಮನೆಗೆ ಬಂದು ಊಟ ಮಾಡಿದೆವು.